ಗವಂತಿ ಹೊಲಿಗೆ: ಕಸೂತಿ ಕಲಿಯಲು ಕೂತವರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಕಡೆಯ ಕಸೂತಿಯಲ್ಲಿ ಮೊದಲು ಕೈಗೆ ಹತ್ತಬೇಕಾದ ಹೊಲಿಗೆ ಗವಂತಿ. ನೋಡಲು ಬರೀ ಒಂದು ಗೆರೆ. ಆದರೆ ಗುಡಿಯ ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿ ಕಟ್ಟೆ ಎಲ್ಲವೂ ಈ ಗೆರೆಯಿಂದಲೇ ಎದ್ದು ನಿಲ್ಲುತ್ತವೆ. ಹೊಸಬರು ನನ್ನ ಪಕ್ಕ ಕೂತು ಕೇಳುವ ಪ್ರಶ್ನೆಗಳನ್ನೂ, ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ಓದುವಾಗ ಪಕ್ಕದಲ್ಲಿ ಸೂಜಿ, ದಾರ, ಒಂದು ತುಂಡು ಬಟ್ಟೆ ಇದ್ದರೆ ಒಳ್ಳೆಯದು. ಸುಮ್ನೆ ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ.

ಕಸೂತಿ ಅಂದರೆ ಎಲ್ಲ ಕೈ ಹೊಲಿಗೆಯೂ ಅಲ್ವಾ?

ಮಾತಿನಲ್ಲಿ ಹೌದು. ಬಟ್ಟೆಯ ಮೇಲೆ ದಾರದಿಂದ ಹೂವು ಬಿಡಿಸಿದರೆ ಅದನ್ನೆಲ್ಲ ಕಸೂತಿ ಅಂತಲೇ ಕರೆಯುತ್ತೇವೆ. ಆದರೆ ಉತ್ತರ ಕರ್ನಾಟಕದಲ್ಲಿ, ಅದರಲ್ಲೂ ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ, ಆ ಹೆಸರಿಗೆ ಒಂದು ಖಚಿತವಾದ ಅರ್ಥ ಇದೆ. ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆಗೆ ಮಾತ್ರ ಅಲ್ಲಿ ಕಸೂತಿ ಅನ್ನುವುದು. ಕೈ ಮತ್ತು ಸೂತಿ, ಅಂದರೆ ಕೈ ಮತ್ತು ನೂಲು ಸೇರಿ ಈ ಹೆಸರು ಬಂತು ಎನ್ನುತ್ತಾರೆ. ಈ ಕಸೂತಿಗೆ ಜಿಐ ಗುರುತೂ, ಅಂದರೆ ಇದು ಈ ಸೀಮೆಯದೇ ಎಂದು ಸಾರುವ ಸರ್ಕಾರಿ ಗುರುತೂ, ಸಿಕ್ಕಿದೆ.

ಇಲ್ಲಿ ಪೆನ್ಸಿಲ್ಲಿನಿಂದ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಅಚ್ಚು ಒತ್ತುವುದಿಲ್ಲ. ಎಣಿಕೆಯೇ ಚಿತ್ರ.

ಇದರಲ್ಲಿ ಎಷ್ಟು ಬಗೆಯ ಹೊಲಿಗೆ ಇವೆ?

ನಾಲ್ಕು. ಗವಂತಿ, ಮುರ್ಗಿ, ನೇಗಿ, ಮೆಂತಿ.

ಗವಂತಿ ಎಂದರೆ ಹೋಗಿ ಬಂದು ತುಂಬುವ ಗೆರೆ. ಈ ಹೆಸರು ಗಂಟು ಎಂಬ ಮಾತಿನಿಂದ ಬಂದದ್ದು ಎಂಬ ಮಾತಿದೆ. ಮುರ್ಗಿ ಅದೇ ಹೊಲಿಗೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಇಳಿಯುತ್ತದೆ. ನೇಗಿ ಅಂದರೆ ನೇಯ್ಗೆ. ಉದ್ದ, ಗಿಡ್ಡ ಹೊಲಿಗೆಗಳನ್ನು ಸಾಲಾಗಿ ಹಾಕಿದಾಗ ಮಗ್ಗದ ಮೇಲೇ ನೇಯ್ದ ಹಾಗೆ ಕಾಣುತ್ತದೆ. ಮೆಂತಿ ಅಂದರೆ ಮೆಂತ್ಯದ ಕಾಳು. ಅದು ಕ್ರಾಸ್ ಸ್ಟಿಚ್, ಎರಡು ಓರೆ ಹೊಲಿಗೆ ಒಂದರ ಮೇಲೊಂದು ಹಾಯುವುದು. ಒಂದರ ಪಕ್ಕ ಒಂದು ಕೂತಾಗ ಕಾಳು ಚೆಲ್ಲಿದ ಹಾಗೆ ಉಬ್ಬಿ ನಿಲ್ಲುತ್ತದೆ.

ಮೊದಲು ಗವಂತಿಯನ್ನೇ ಯಾಕೆ ಕಲಿಯಬೇಕು? ಕ್ರಾಸ್ ಸ್ಟಿಚ್ ಸುಲಭ ಅಲ್ವಾ?

ಕ್ರಾಸ್ ಸ್ಟಿಚ್ ಬೇಗ ಬರುತ್ತದೆ, ನಿಜ. ಆದರೆ ಅದನ್ನು ಮೊದಲು ಕಲಿತವರಿಗೆ ಬಟ್ಟೆಯ ಹಿಂಭಾಗದ ಕಡೆ ಗಮನ ಇರುವುದಿಲ್ಲ. ದಾರ ಹಿಂದೆ ಎಲ್ಲಿಂದ ಎಲ್ಲಿಗೆ ಬೇಕಾದರೂ ಹಾರುತ್ತದೆ. ಆಮೇಲೆ ಗವಂತಿಗೆ ಬಂದಾಗ ಆ ರೂಢಿ ಬಿಡಿಸುವುದೇ ದೊಡ್ಡ ಕೆಲಸ.

ಗವಂತಿಯಲ್ಲಿ ಮುಂದೆ ಹೇಗಿದೆಯೋ ಹಿಂದೆಯೂ ಹಾಗೇ ಇರಬೇಕು. ಮುರ್ಗಿಯಲ್ಲೂ ಹಾಗೆಯೇ. ಸೀರೆಯ ಸೆರಗು ಗಾಳಿಗೆ ಮಗುಚಿದರೂ ಚಿತ್ರ ಚಿತ್ರವಾಗಿಯೇ ಕಾಣಬೇಕು. ಗಂಟಿಲ್ಲ, ಜೋತಾಡುವ ದಾರವಿಲ್ಲ. ಈ ಶಿಸ್ತು ಮೊದಲೇ ಬಂದರೆ ಉಳಿದ ಮೂರೂ ತಾವಾಗಿ ಬರುತ್ತವೆ.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಮ್ಯಾಟಿ ಬಟ್ಟೆಯ ಒಂದು ತುಂಡು. ಅದರಲ್ಲಿ ಚೌಕುಳಿ ಚೌಕುಳಿಯಾಗಿ ತೂತುಗಳು ಕಣ್ಣಿಗೆ ಕಾಣುತ್ತವೆ, ಎಣಿಸಲು ಸುಲಭ. ಒಂದು ಇಂಚಿಗೆ 11ರಿಂದ 14 ಚೌಕ ಇರುವುದು ಹೊಸಬರಿಗೆ ಸರಿ. ಅಳತೆಪಟ್ಟಿ ಇಟ್ಟು ನೀವೇ ಎಣಿಸಿ ನೋಡಿ.

ಸೂಜಿ ಮೊಂಡು ತುದಿಯದ್ದಾಗಿರಲಿ. ಅಂಗಡಿಯಲ್ಲಿ ಟೇಪೆಸ್ಟ್ರಿ ಸೂಜಿ ಅಂತ ಕೇಳಿ, 24 ಅಥವಾ 26ನೇ ನಂಬರ್. ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣದು. ಚೂಪು ಸೂಜಿ ಯಾಕೆ ಬೇಡ ಅಂದರೆ, ಅದು ತೂತು ಬಿಟ್ಟು ಎಳೆಯನ್ನೇ ಚುಚ್ಚುತ್ತದೆ. ವಾಪಸ್ ಬರುವಾಗ ಮೊದಲು ಹಾಕಿದ ದಾರವನ್ನೂ ಸೀಳುತ್ತದೆ.

ದಾರ ಆ್ಯಂಕರ್ ಕಂಪನಿಯದು ಅಥವಾ ಅಂಥದ್ದೇ ಹತ್ತಿಯ ಕಸೂತಿ ದಾರ. ಒಂದು ಲಡಿ 8 ಮೀಟರ್ ಬರುತ್ತದೆ, ಅದರಲ್ಲಿ 6 ಎಳೆ ಸೇರಿರುತ್ತವೆ. ಅವನ್ನು ಬಿಡಿಸಿ ಎರಡೆರಡು ಎಳೆಯಂತೆ ಬಳಸಿ. 6 ಎಳೆಯನ್ನೂ ಒಟ್ಟಿಗೆ ಪೋಣಿಸಿದರೆ ಗೆರೆ ಹಗ್ಗದ ಹಾಗೆ ಕಾಣುತ್ತದೆ.

ಒಂದು ಸಲಕ್ಕೆ ಒಂದು ಮೊಳ ದಾರ ಸಾಕು. ಮತ್ತೆ ಮತ್ತೆ ಪೋಣಿಸುವ ಬೇಸರಕ್ಕೆ ಉದ್ದ ಕತ್ತರಿಸಬೇಡಿ. ಉದ್ದದ ದಾರ ತೂತಿನಲ್ಲಿ ಉಜ್ಜಿ ಉಜ್ಜಿ ನವೆಯುತ್ತದೆ, ಸಿಕ್ಕಾಗುತ್ತದೆ.

ಫ್ರೇಮ್ ಬೇಡ್ವಾ?

ಹಳೆಯ ಕಾಲದಿಂದ ಕಸೂತಿ ಹಾಕುವವರು ಬಟ್ಟೆಯನ್ನು ಕೈಯಲ್ಲೇ ಹಿಡಿದು ಹಾಕುತ್ತಾರೆ. ಕೈಯಲ್ಲಿದ್ದರೆ ಹಿಂಭಾಗ ಆಗಾಗ ತಿರುಗಿಸಿ ನೋಡಬಹುದು, ಎರಡು ಮೂರು ಹೊಲಿಗೆ ಒಂದೇ ಸಲ ಸೂಜಿಗೆ ಏರಿಸಬಹುದು. ನಿಮ್ಮ ಕೈ ಬಿಗಿ ಇದ್ದು ಬಟ್ಟೆ ಸುಕ್ಕಾಗುತ್ತಿದ್ದರೆ ಮೊದಲ ಕೆಲವು ದಿನ ಸಣ್ಣ ರಿಂಗ್ ಹಾಕಿಕೊಳ್ಳಿ. ಅದರಲ್ಲಿ ತಪ್ಪೇನಿಲ್ಲ. ಎದ್ದು ಹೋಗುವಾಗ ಮಾತ್ರ ರಿಂಗ್ ಬಿಚ್ಚಿಡಿ, ಇಲ್ಲದಿದ್ದರೆ ಬಟ್ಟೆಯ ಮೇಲೆ ಗುರುತು ಉಳಿಯುತ್ತದೆ.

ಸರಿ, ಹೊಲಿಗೆ ಹಾಕುವುದು ಹೇಗೆ?

ಒಂದು ನೇರ ಗೆರೆಯಿಂದ ಶುರು ಮಾಡೋಣ. 12 ಚೌಕ ಉದ್ದ.

ಸೂಜಿಯನ್ನು ಕೆಳಗಿನಿಂದ ಮೇಲೆ ತನ್ನಿ. ಒಂದು ಚೌಕ ದಾಟಿ ಕೆಳಗೆ ಇಳಿಸಿ. ಕೆಳಗೆ ಒಂದು ಚೌಕ ಹೋಗಿ ಮತ್ತೆ ಮೇಲೆ ತನ್ನಿ. ಹೀಗೆ ಒಂದು ಮೇಲೆ, ಒಂದು ಕೆಳಗೆ. ನಮ್ಮ ಮಾಮೂಲಿ ರನ್ನಿಂಗ್ ಸ್ಟಿಚ್ ಅಷ್ಟೇ. ಗೆರೆಯ ತುದಿ ಮುಟ್ಟಿದಾಗ ಮುಂದೆ 6 ಹೊಲಿಗೆ ಕಾಣುತ್ತವೆ, ನಡುವೆ ಖಾಲಿ. ಬಟ್ಟೆ ತಿರುಗಿಸಿದರೆ ಆ ಖಾಲಿ ಜಾಗದಲ್ಲೇ ಹಿಂದೆ 6 ಹೊಲಿಗೆ ಇರುತ್ತವೆ.

ಈಗ ವಾಪಸ್ ಹೊರಡಿ. ಅದೇ ತೂತುಗಳು, ಅದೇ ದಾರಿ. ಹೋಗುವಾಗ ಮೇಲಿದ್ದ ಕಡೆ ಈಗ ಕೆಳಗೆ, ಕೆಳಗಿದ್ದ ಕಡೆ ಈಗ ಮೇಲೆ. ಶುರು ಮಾಡಿದ ಜಾಗಕ್ಕೆ ಬಂದಾಗ ಎರಡೂ ಬದಿಯಲ್ಲಿ ತುಂಬಿದ ಗೆರೆ ಸಿಗುತ್ತದೆ.

ನನಗೆ ಕಲಿಸಿದ ಅಜ್ಜಿ ಒಂದೇ ಮಾತು ಹೇಳುತ್ತಿದ್ದರು: "ಹೋದ ದಾರೀಲೇ ಹೊಳ್ಳಿ ಬಾ ಯವ್ವಾ." ಇಡೀ ಗವಂತಿ ಆ ಮಾತಿನಲ್ಲೇ ಇದೆ. ಮುಂದಿನ ಬಹಳಷ್ಟು ಉತ್ತರಗಳಲ್ಲಿ ನಾನು ಅದನ್ನೇ ಬೇರೆ ಬೇರೆ ರೀತಿ ಹೇಳುತ್ತೇನೆ.

ಗಂಟು ಹಾಕದೆ ದಾರ ಹೇಗೆ ನಿಲ್ಲುತ್ತದೆ?

ಮಾಮೂಲಿ ಉಪಾಯ ಇದು. ಮೂರು ಇಂಚು ದಾರ ಬಾಲದಂತೆ ಬಿಟ್ಟು ಶುರು ಮಾಡಿ. ಕೆಲಸ ಮುಗಿದ ಮೇಲೆ ಆ ಬಾಲವನ್ನು ಸೂಜಿಗೆ ಪೋಣಿಸಿ, ಹಾಕಿದ ಹೊಲಿಗೆಗಳ ಅಡಿಯಲ್ಲಿ ನಾಲ್ಕೈದು ಸಲ ಹಾಯಿಸಿ, ಕತ್ತರಿಸಿ.

ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ದಾರದ ಅರ್ಧ ಭಾಗವನ್ನು ಮಾತ್ರ ಮೊದಲ ತೂತಿನಿಂದ ಮೇಲೆ ಎಳೆಯಿರಿ. ಉಳಿದರ್ಧ ಹಿಂದೆಯೇ ಇರಲಿ. ಮೇಲಿನ ಅರ್ಧದಿಂದ ಗೆರೆಯ ತುದಿವರೆಗೆ ಹೋಗಿ. ಆಮೇಲೆ ಹಿಂದೆ ಬಿಟ್ಟ ಅರ್ಧಕ್ಕೆ ಇನ್ನೊಂದು ಸೂಜಿ ಪೋಣಿಸಿ, ಅದರಿಂದ ಅದೇ ದಿಕ್ಕಿನಲ್ಲಿ ಖಾಲಿ ಜಾಗ ತುಂಬುತ್ತಾ ಬನ್ನಿ. ಶುರುವಿನಲ್ಲಿ ಬಾಲವೇ ಇರುವುದಿಲ್ಲ. ತುದಿಯಲ್ಲಿ ಎರಡೂ ದಾರ ಸೇರುತ್ತವೆ, ಅಲ್ಲಿ ಮಾತ್ರ ಹೊಲಿಗೆಯ ಅಡಿಯಲ್ಲಿ ಹಾಯಿಸಿ ಮುಗಿಸಿದರೆ ಆಯಿತು. ಕವಲು, ಸುತ್ತು ಇಲ್ಲದ ಸೀದಾ ಅಂಚಿನ ಗೆರೆಗೆ ಇದಕ್ಕಿಂತ ಚೊಕ್ಕ ದಾರಿ ಇಲ್ಲ.

ವಾಪಸ್ ಬಂದಾಗ ಗೆರೆ ನೇರವಾಗಿಲ್ಲ, ಹಲ್ಲು ಹಲ್ಲಾಗಿ ಕಾಣುತ್ತದೆ. ಯಾಕೆ?

ಎಲ್ಲರಿಗೂ ಹೀಗಾಗುತ್ತದೆ. ಒಂದು ತೂತಿನಲ್ಲಿ ಎರಡು ದಾರ ಹಾಯಬೇಕು. ಒಂದು ಕಡೆ ಹಳೆಯ ದಾರದ ಮೇಲಿನಿಂದ, ಇನ್ನೊಂದು ಕಡೆ ಕೆಳಗಿನಿಂದ ಹೇಗೆಂದರೆ ಹಾಗೆ ಸೂಜಿ ಹಾಕಿದರೆ ಗೆರೆ ಕುಣಿಯುತ್ತದೆ.

ಒಂದು ನಿಯಮ ಇಟ್ಟುಕೊಳ್ಳಿ. ಅಡ್ಡ ಗೆರೆಯಲ್ಲಿ ವಾಪಸ್ ಬರುವಾಗ, ಮೇಲೆ ಬರುವ ಸೂಜಿ ಯಾವಾಗಲೂ ಹಳೆಯ ಹೊಲಿಗೆಯ ಮೇಲ್ಬದಿಗೆ ಬರಲಿ, ಇಳಿಯುವ ಸೂಜಿ ಮುಂದಿನ ಹಳೆಯ ಹೊಲಿಗೆಯ ಕೆಳಬದಿಗೆ ಇಳಿಯಲಿ. ಎಲ್ಲ ತೂತಿನಲ್ಲೂ ಹೀಗೇ ಮಾಡಿದರೆ ಹೊಲಿಗೆಗಳು ಒಂದಕ್ಕೊಂದು ಹೆಣೆದ ಹಾಗೆ ಕೂರುತ್ತವೆ, ಗೆರೆ ನೇರವಾಗುತ್ತದೆ. ಹಳೆಯ ದಾರವನ್ನು ಮಾತ್ರ ಸೀಳಬೇಡಿ. ಸೀಳಿದರೆ ಆ ಜಾಗ ಮಂಕಾಗುತ್ತದೆ, ತಪ್ಪಾದಾಗ ಬಿಚ್ಚಲೂ ಆಗುವುದಿಲ್ಲ.

ದಾರ ಎಳೆಯುವ ಬಿಗಿಯೂ ನೋಡಿಕೊಳ್ಳಿ. ಬಟ್ಟೆಯ ತೂತು ಹಿಗ್ಗಿದರೆ ಬಿಗಿ ಜಾಸ್ತಿ. ಹೊಲಿಗೆಯ ಅಡಿ ಸೂಜಿ ಸಡಿಲವಾಗಿ ಆಡಿದರೆ ಕಮ್ಮಿ.

ಚೌಕ ಹಾಕಿದೆ. ಎರಡು ಸುತ್ತು ಬಂದರೂ ಖಾಲಿ ಜಾಗ ತುಂಬಲೇ ಇಲ್ಲ. ಏನು ತಪ್ಪಾಯಿತು?

ನೀವು ವಾಪಸ್ ಬರಲಿಲ್ಲ. ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೋದಿರಿ. ನಾನೂ ಕಲಿಯುವಾಗ ಒಂದು ಇಡೀ ಮಧ್ಯಾಹ್ನ ಇದರಲ್ಲೇ ಕಳೆದೆ, ಎಣಿಕೆ ತಪ್ಪಿತೇನೋ ಎಂದು ಬಿಚ್ಚಿ ಬಿಚ್ಚಿ ಹಾಕಿದೆ. ಎಣಿಕೆ ಸರಿಯೇ ಇತ್ತು.

ಬೆರಳಲ್ಲಿ ಎಣಿಸಿ ನೋಡಿ. ಚೌಕಕ್ಕೆ ನಾಲ್ಕು ಬದಿ. ಮೊದಲ ಬದಿ ಮೇಲೆ, ಎರಡನೆಯದು ಕೆಳಗೆ, ಮೂರನೆಯದು ಮೇಲೆ, ನಾಲ್ಕನೆಯದು ಕೆಳಗೆ. ಈಗ ಅದೇ ದಿಕ್ಕಿನಲ್ಲಿ ಮುಂದುವರಿದರೆ ಐದನೆಯ ಹೊಲಿಗೆ ಮೇಲೆ, ಅದು ಬೀಳುವುದು ಮೊದಲ ಬದಿಯ ಮೇಲೆಯೇ. ಅಲ್ಲಿ ಆಗಲೇ ದಾರ ಇದೆ. ಎಷ್ಟು ಸುತ್ತು ಹೋದರೂ ದಾರದ ಮೇಲೆ ದಾರ ಬೀಳುತ್ತದೆ, ಖಾಲಿ ಖಾಲಿಯಾಗಿಯೇ ಉಳಿಯುತ್ತದೆ.

ಬದಲಿಗೆ ನಾಲ್ಕನೆಯ ಬದಿ ಮುಗಿದು ಮೂಲ ಜಾಗಕ್ಕೆ ಬಂದಾಗ ತಿರುಗಿ. ಐದನೆಯ ಹೊಲಿಗೆ ನಾಲ್ಕನೆಯ ಬದಿಯ ಮೇಲೆಯೇ ಹಿಂದಕ್ಕೆ ಹೋಗಲಿ. ಅದು ಕೆಳಗಿತ್ತು, ಈಗ ಮೇಲೂ ತುಂಬಿತು. ಹೀಗೇ ಹಿಂದೆ ಹಿಂದೆ ಬಂದರೆ ಎಂಟನೆಯ ಹೊಲಿಗೆಗೆ ನಾಲ್ಕೂ ಬದಿ, ಎರಡೂ ಕಡೆ ಭರ್ತಿ.

ಸುತ್ತಿನಲ್ಲಿರುವ ಹೊಲಿಗೆಗಳ ಸಂಖ್ಯೆ ಬೆಸವಾಗಿದ್ದರೆ ಎರಡನೇ ಸುತ್ತಿನಲ್ಲೂ ತುಂಬುತ್ತದೆ. ಆದರೆ ಪ್ರತಿ ಸಲ ಬೆಸವೋ ಸಮವೋ ಎಂದು ನೋಡುತ್ತಾ ಕೂರುವುದಕ್ಕಿಂತ ತಿರುಗಿ ಬರುವುದನ್ನೇ ರೂಢಿ ಮಾಡಿಕೊಳ್ಳುವುದು ಲೇಸು. ಅದು ಯಾವತ್ತೂ ಕೈಕೊಡುವುದಿಲ್ಲ.

ಗೆರೆಯ ನಡುವೆ ಕೊಂಬೆ ಬಂದರೆ? ಮೊದಲು ಯಾವ ಕಡೆ ಹೋಗಬೇಕು?

ಹೊಸಬರು ಸೋಲುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ನೀವು ಬಳ್ಳಿಯ ಗೆರೆಯಲ್ಲಿ ಹೋಗುತ್ತಿದ್ದೀರಿ. ಪಕ್ಕಕ್ಕೆ 3 ಚೌಕದ ಕೊಂಬೆ ಇದೆ. ಕೊಂಬೆ ಹೊರಡುವ ತೂತಿಗೆ ಬಂದ ಕೂಡಲೇ ಬಳ್ಳಿಯನ್ನು ಅಲ್ಲೇ ಬಿಟ್ಟು ಕೊಂಬೆಗೆ ಹೋಗಿ. ತುದಿ ಮುಟ್ಟಿ, ಅಲ್ಲಿಂದಲೇ ತಿರುಗಿ ತುಂಬುತ್ತಾ ಬುಡಕ್ಕೆ ಬನ್ನಿ. ಕೊಂಬೆ ಪೂರ್ತಿ ಮುಗಿಯಿತು. ಈಗ ಬಳ್ಳಿಯ ಮುಂದಿನ ಹೊಲಿಗೆ ಹಾಕಿ.

ಕೊಂಬೆಗೆ ಹೋಗಲು 3, ಬರಲು 3, ಒಟ್ಟು 6. ಕೊಂಬೆ ಎಷ್ಟೇ ಉದ್ದ ಇರಲಿ, ಹೋಗಿ ಬಂದರೆ ಯಾವಾಗಲೂ ಸಮಸಂಖ್ಯೆ. ಹಾಗಾಗಿ ಬಳ್ಳಿಯಲ್ಲಿ ಎಲ್ಲಿ ಬಿಟ್ಟಿರೋ ಅಲ್ಲಿಂದ ಮೇಲೆ ಕೆಳಗಿನ ಲೆಕ್ಕ ತಪ್ಪದೆ ಮುಂದುವರಿಯುತ್ತದೆ. ಕೊಂಬೆಯ ಮೇಲೆ ಮತ್ತೊಂದು ಕೊಂಬೆ ಇದ್ದರೂ ಹೀಗೇ. ಕೊಂಬೆಯ ತುದಿಯಲ್ಲಿ ಮುಚ್ಚಿದ ಹೂವು ಇದ್ದರೂ ಹೀಗೇ, ಹೂವಿನ ಸುತ್ತ ಹೋಗಿ, ತಿರುಗಿ, ಹಿಂದಕ್ಕೆ ಬನ್ನಿ.

ಗೆರೆಗಳು ಒಂದಕ್ಕೊಂದು ಕೂಡಿಕೊಂಡಿರುವ ಯಾವ ಚಿತ್ರವನ್ನಾದರೂ ಈ ರೀತಿ ದಾರ ಎಲ್ಲೂ ಹಾರಿಸದೆ ಮುಗಿಸಬಹುದು. ಹತ್ತು ಕಳಸದ ಗೋಪುರವಾದರೂ ಸರಿ. ಗೆರೆಗಳು ಬಿಡಿಯಾಗಿದ್ದರೆ ಮಾತ್ರ ದಾರ ಕತ್ತರಿಸಿ ಹೊಸದಾಗಿ ಶುರು ಮಾಡಬೇಕು. ಅದಕ್ಕೇ ಕಸೂತಿಯ ಹಳೆಯ ಚಿತ್ರಗಳಲ್ಲಿ ಒಳಗಿನ ಅಲಂಕಾರವೂ ಹೊರಗಿನ ಗೆರೆಗೆ ಎಲ್ಲೋ ಒಂದು ಕಡೆ ತಗಲಿಕೊಂಡಿರುವುದನ್ನು ಕಾಣುತ್ತೀರಿ.

ಶುರು ಮಾಡುವ ಮುಂಚೆ ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ದಾರಿ ಎಳೆದು ನೋಡಿ. ಪೆನ್ಸಿಲ್ ಎತ್ತದೆ ಹೋಗಿ ಬರಬೇಕು, ಪ್ರತಿ ಗೆರೆಯ ಮೇಲೂ ಎರಡೇ ಸಲ ಹಾಯಬೇಕು.

ಮೊದಲ ಚಿತ್ರ ಯಾವುದು ಹಾಕಲಿ?

ಸಣ್ಣ ಗೋಪುರ. ಗವಂತಿ, ಮುರ್ಗಿ ಎರಡೂ ಕೈಗೆ ಬರುತ್ತವೆ.

ತಳದ ಎಡ ಮೂಲೆಯಿಂದ ಹೊರಡಿ. ಮೇಲಕ್ಕೆ ಒಂದು, ಬಲಕ್ಕೆ ಒಂದು. ಹೀಗೆ ಐದು ಸಲ. ಈಗ ನೆತ್ತಿಯ ಮೇಲಿದ್ದೀರಿ. ಅಲ್ಲಿಂದ ಕೆಳಕ್ಕೆ ಒಂದು, ಬಲಕ್ಕೆ ಒಂದು, ನಾಲ್ಕು ಸಲ. ಕೊನೆಗೆ ಕೆಳಕ್ಕೆ ಇನ್ನೊಂದು. ಈಗ ತಳದ ಬಲ ಮೂಲೆ. ಅಲ್ಲಿಂದ ಎಡಕ್ಕೆ ನೇರವಾಗಿ 9 ಹೊಲಿಗೆ ಹಾಕಿದರೆ ಹೊರಟ ಜಾಗಕ್ಕೇ ಬರುತ್ತೀರಿ. ಒಟ್ಟು 28. ಹೊರಟ ಜಾಗಕ್ಕೆ ಬರದಿದ್ದರೆ ಎಲ್ಲೋ ಒಂದು ಮೆಟ್ಟಿಲು ತಪ್ಪಿದೆ, ವಾಪಸ್ ಹೊರಡುವ ಮೊದಲೇ ಹುಡುಕಿ. ಸರಿ ಇದ್ದರೆ ತಿರುಗಿ, ತಳದ ಗೆರೆಯಿಂದಲೇ ಹಿಂದಕ್ಕೆ.

ಇದು ಬಂದ ಮೇಲೆ ನೆತ್ತಿಗೆ ಒಂದು ಕಳಸ ಸೇರಿಸಿ. ನೆತ್ತಿಯ ಮೂಲೆಯಿಂದ ಮೇಲಕ್ಕೆ 2 ಹೊಲಿಗೆಯ ಕೊಂಬೆ. ಎರಡು ಮೂಲೆಯಿಂದಲೂ ಒಂದೊಂದು ಹಾಕಿದರೆ ಚೆಂದ.

ಇಷ್ಟಕ್ಕೆ ದಾರ ಎಷ್ಟು ಬೇಕು?

ಗೆರೆಯ ಉದ್ದದ ಎರಡೂವರೆಯಿಂದ ಮೂರು ಪಟ್ಟು, ಜೊತೆಗೆ ಎರಡು ತುದಿಗೆ ಮೂರು ಮೂರು ಇಂಚು. ಇಂಚಿಗೆ 14 ಚೌಕದ ಬಟ್ಟೆಯಲ್ಲಿ 28 ಹೊಲಿಗೆ ಅಂದರೆ 2 ಇಂಚು ಗೆರೆ. ದಾರ 6 ಇಂಚು, ತುದಿಗಳಿಗೆ 6 ಇಂಚು. ಒಂದು ಮೊಳದಲ್ಲಿ ಆರಾಮಾಗಿ ಮುಗಿಯುತ್ತದೆ.

ಗವಂತಿ ಚಪ್ಪಟೆಯಾಗಿ ಕಾಣುತ್ತದೆ. ಕೈಗೆ ತಾಗುವ ಹಾಗೆ, ಉಬ್ಬಿ ಕಾಣುವ ಹಾಗೆ ಮಾಡಲು ಆಗಲ್ವಾ?

ಆಗುತ್ತದೆ. ದಾರ ದಪ್ಪ ಮಾಡುವುದೊಂದೇ ದಾರಿ ಅಂದುಕೊಳ್ಳಬೇಡಿ.

ಗವಂತಿಯ ಚೆಲುವು ಒತ್ತಿನಲ್ಲಿದೆ. ಗೋಪುರದ ಹೊರಗೆರೆಯೊಳಗೆ ಒಂದು ಚೌಕ ಬಿಟ್ಟು ಇನ್ನೊಂದು ಗೆರೆ, ಅದರೊಳಗೆ ಸಣ್ಣ ಸಣ್ಣ ಚೌಕುಳಿ, ಓರೆ ಗೆರೆ ತುಂಬಿ ನೋಡಿ. ದಾರ ಒಂದೇ, ಬಣ್ಣ ಒಂದೇ. ಆದರೆ ಒತ್ತಾಗಿ ಹಾಕಿದ ಕಡೆ ಗಾಢವಾಗಿ, ಬಿಡಿಯಾಗಿ ಹಾಕಿದ ಕಡೆ ತೆಳುವಾಗಿ ಕಾಣುತ್ತದೆ. ಬೆರಳಾಡಿಸಿದರೆ ಒತ್ತಿನ ಜಾಗ ಒರಟಾಗಿ, ಕಾಳು ಕಾಳಾಗಿ ತಾಗುತ್ತದೆ. ಎರಡು ಎಳೆಯಿಂದ ಹೊರಗೆರೆ, ಒಂದೇ ಎಳೆಯಿಂದ ಒಳಗಿನ ತುಂಬು ಹಾಕಿದರೆ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಏಳುತ್ತದೆ.

ಆಮೇಲೆ ನೇಗಿಯನ್ನು ಸೇರಿಸಿ. ನೇಗಿಯಲ್ಲಿ ವಾಪಸ್ ಬಂದು ತುಂಬುವುದಿಲ್ಲ. ಒಂದು ಸಾಲು ಹಾಕಿ ಪಕ್ಕದ ಸಾಲಿಗೆ ಹೋಗುವುದು. ಮೊದಲ ಸಾಲಿನಲ್ಲಿ 5 ಚೌಕ ಮೇಲೆ, 1 ಕೆಳಗೆ. ಎರಡನೆಯದರಲ್ಲಿ 3 ಮೇಲೆ, 3 ಕೆಳಗೆ. ಮೂರನೆಯದರಲ್ಲಿ 1 ಮೇಲೆ, 5 ಕೆಳಗೆ. ಪ್ರತಿ ಸಾಲಿನ ಮೇಲಿನ ಹೊಲಿಗೆ ಮೊದಲ ಸಾಲಿನ ಹೊಲಿಗೆಯ ನಡುವಿಗೆ ಸರಿಯಾಗಿ ಬರಲಿ. ತ್ರಿಕೋನಗಳ ಸಾಲು ಮೂಡುತ್ತದೆ. ಉದ್ದದ ದಾರ ಬಟ್ಟೆಯ ಮೇಲೆ ಮಲಗಿರುವುದರಿಂದ ಬೆಳಕು ಬಿದ್ದಾಗ ಮಿನುಗುತ್ತದೆ, ಮುಟ್ಟಿದರೆ ನುಣುಪು. ಇದರ ಹಿಂಭಾಗ ಮುಂಭಾಗದ ಹಾಗಿರುವುದಿಲ್ಲ. ಮುಂದೆ ದಾರ ಇದ್ದಲ್ಲಿ ಹಿಂದೆ ಖಾಲಿ, ಮುಂದೆ ಖಾಲಿ ಇದ್ದಲ್ಲಿ ಹಿಂದೆ ದಾರ. ಅದು ತಪ್ಪಲ್ಲ, ನೇಗಿಯ ಗುಣವೇ ಅದು.

ಮೆಂತಿ ಎಲ್ಲಕ್ಕಿಂತ ಉಬ್ಬು. ಆನೆಯ ಮೈ, ತುಳಸಿ ಕಟ್ಟೆಯ ಗೋಡೆ ತುಂಬಲು ಒಳ್ಳೆಯದು. ಎಲ್ಲ ಕಾಳಿನಲ್ಲೂ ಮೇಲಿನ ಓರೆ ಒಂದೇ ದಿಕ್ಕಿಗೆ ಇರಲಿ, ಇಲ್ಲದಿದ್ದರೆ ಮೇಲ್ಮೈ ಕಲಸಿದ ಹಾಗಾಗುತ್ತದೆ. ದಾರ ಬಹಳ ಕುಡಿಯುತ್ತದೆ, ಬಟ್ಟೆಯೂ ಭಾರವಾಗುತ್ತದೆ. ತೆಳು ಸೀರೆಗೆ ಮೆಂತಿ ಸುರಿದರೆ ಸೆರಗು ಜೋತು ಬೀಳುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಒಂದು ಚಿತ್ರದಲ್ಲಿ ಮುಕ್ಕಾಲು ಗವಂತಿ ಇರಲಿ. ನೇಗಿ, ಮೆಂತಿ ಊಟದ ಎಲೆಯಲ್ಲಿ ಉಪ್ಪಿನಕಾಯಿ ಇದ್ದ ಹಾಗೆ.

ಎಣಿಕೆ ತಪ್ಪಿದೆ ಅಂತ ಗೊತ್ತಾದರೆ ಏನು ಮಾಡಬೇಕು?

ಮುಂದೆ ಹೇಗೋ ಸರಿಹೋಗುತ್ತದೆ ಎಂದು ಮುಂದುವರಿಸಬೇಡಿ. ಕಸೂತಿಯಲ್ಲಿ ಒಂದು ಎಳೆಯ ತಪ್ಪು ಆ ಬದಿಯಲ್ಲಿ ಸಣ್ಣದು, ಈ ಬದಿಗೆ ಬರುವಷ್ಟರಲ್ಲಿ ಗೋಪುರವೇ ವಾಲುತ್ತದೆ. ಸೂಜಿಯಿಂದ ದಾರ ಬಿಡಿಸಿ, ಸೂಜಿಯ ಕಣ್ಣಿನ ಬದಿಯಿಂದ ಒಂದೊಂದೇ ಹೊಲಿಗೆ ಎತ್ತಿ ಬಿಚ್ಚಿ. ಕತ್ತರಿ ಕೊನೆಯ ಉಪಾಯ.

ವಾಪಸ್ ಬರುವಾಗ ದಾರದ ಮೇಲೆ ದಾರ ಬೀಳುತ್ತಿದ್ದರೆ, ಹೋಗುವಾಗ ಎಲ್ಲೋ ಒಂದು ಹೊಲಿಗೆ ಎರಡು ಚೌಕ ನುಂಗಿದೆ ಎಂದರ್ಥ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಆ ಉದ್ದದ ಹೊಲಿಗೆ ತಕ್ಷಣ ಕಾಣುತ್ತದೆ.

ಸೀರೆಯ ಮೇಲೆ ಮ್ಯಾಟಿಯ ಹಾಗೆ ತೂತು ಕಾಣುವುದಿಲ್ಲ. ಅಲ್ಲಿ ಹೇಗೆ?

ಪಳಗಿದವರು ಬಟ್ಟೆಯ ಎಳೆಯನ್ನೇ ಎಣಿಸುತ್ತಾರೆ. ಕಣ್ಣು, ತಾಳ್ಮೆ ಎರಡೂ ಬೇಕು. ಉಳಿದವರಿಗೆ ಕ್ಯಾನ್ವಾಸ್ ಇದೆ. ಜಾಳಿಗೆಯ ಹಾಗಿರುವ ಆ ಬಟ್ಟೆಯನ್ನು ಸೀರೆಯ ಮೇಲಿಟ್ಟು ನಾಲ್ಕೂ ಅಂಚಿಗೆ ಕಚ್ಚಾ ಹೊಲಿಗೆ ಹಾಕಿ. ಅದರ ತೂತುಗಳನ್ನು ಎಣಿಸಿ ಕಸೂತಿ ಹಾಕಿ. ಇಲ್ಲಿ ಮಾತ್ರ ಚೂಪು ಸೂಜಿ ಬೇಕು, ಸೀರೆ ಚುಚ್ಚಬೇಕಲ್ಲ. ಆದರೆ ಕ್ಯಾನ್ವಾಸಿನ ಎಳೆಗೆ ಸೂಜಿ ತಗಲಬಾರದು. ತಗಲಿದರೆ ಆಮೇಲೆ ಆ ಎಳೆ ಹೊರಗೆ ಬರುವುದಿಲ್ಲ.

ಚಿತ್ರ ಮುಗಿದ ಮೇಲೆ ಅಂಚಿನ ಹೊಲಿಗೆ ಬಿಚ್ಚಿ, ಕ್ಯಾನ್ವಾಸಿನ ಎಳೆಗಳನ್ನು ಚಿಮಟದಿಂದ ಒಂದೊಂದಾಗಿ ಎಳೆದು ತೆಗೆಯಿರಿ. ಮೊದಲು ಅಡ್ಡ ಎಳೆ ಎಲ್ಲ, ಆಮೇಲೆ ಉದ್ದದ ಎಳೆ. ಅವಸರ ಬೇಡ. ಎಳೆ ಎಲ್ಲ ಹೋಗಿ ಹೊಲಿಗೆ ಸೀರೆಯ ಮೇಲೆ ಮೆಲ್ಲಗೆ ಕೂರುವುದನ್ನು ನೋಡುವುದೇ ಒಂದು ಖುಷಿ.

ಸೀರೆಯಲ್ಲಿ ಚಿತ್ರಗಳನ್ನು ಎಲ್ಲಿ ಇಡಬೇಕು?

ಇಳಕಲ್ ಸೀರೆಯಲ್ಲಿ ಸೆರಗಿನ ಹತ್ತಿರ ದೊಡ್ಡ ಚಿತ್ರಗಳು: ಗೋಪುರ, ತೇರು, ಆನೆ, ತೊಟ್ಟಿಲು, ನವಿಲು. ಸೆರಗಿನಿಂದ ದೂರ ಹೋದಂತೆ ಚಿತ್ರ ಸಣ್ಣದಾಗುತ್ತಾ, ಬಿಡಿಯಾಗುತ್ತಾ ಹೋಗುತ್ತವೆ. ಕೊನೆಗೆ ನಕ್ಷತ್ರದಂಥ ಬುಟ್ಟಾ ಮಾತ್ರ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕೆಂಪು, ಬಿಳಿ, ಹಳದಿ, ಹಸಿರು ದಾರ ಎದ್ದು ಕಾಣುತ್ತದೆ. ಮಕ್ಕಳ ಕುಂಚಿಗೆ, ಕುಪ್ಪಸಗಳ ಮೇಲೂ ಕಸೂತಿ ಹಾಕುವ ರೂಢಿ ಇದೆ.

ಕಪ್ಪು ಬಟ್ಟೆಯ ಮೇಲೆ ಹಾಕುವಾಗ ತೊಡೆಯ ಮೇಲೆ ಒಂದು ಬಿಳಿ ಪಂಚೆ ಹಾಸಿಕೊಳ್ಳಿ. ತೂತುಗಳಿಂದ ಬಿಳುಪು ಇಣುಕುತ್ತದೆ, ಎಣಿಸಲು ಸುಲಭ. ಹಗಲು ಬೆಳಕಿನಲ್ಲೇ ಹಾಕಿ.

ಈ ಹೊಲಿಗೆ ನಮ್ಮಲ್ಲಿ ಮಾತ್ರ ಇದೆಯಾ?

ಇಲ್ಲ. ಯುರೋಪಿನಲ್ಲೂ ಹೋಗಿ ಬಂದು ತುಂಬುವ ಈ ಹೊಲಿಗೆ ಇತ್ತು. ಅಲ್ಲಿ ಅದಕ್ಕೆ ಹೋಲ್ಬೈನ್ ಸ್ಟಿಚ್ ಎನ್ನುತ್ತಾರೆ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿಯ ಆಸ್ಥಾನದಲ್ಲಿದ್ದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬಿಡಿಸಿದ ಭಾವಚಿತ್ರಗಳಲ್ಲಿ ಜನರ ತೋಳಿನ ಅಂಚು, ಕುತ್ತಿಗೆಪಟ್ಟಿಯ ಮೇಲೆ ಕಪ್ಪು ದಾರದ ಈ ಹೊಲಿಗೆ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲೂ ತೋಳು ಮಡಚಿದಾಗ ಎರಡೂ ಬದಿ ಕಾಣುತ್ತಿತ್ತು, ನಮ್ಮ ಸೆರಗಿನ ಹಾಗೆಯೇ. ಎರಡು ದೂರದ ಊರಿನ ಕೈಗಳು ಒಂದೇ ದಾರಿ ಹಿಡಿದದ್ದನ್ನು ನೆನೆದರೆ ನನಗೆ ಬಹಳ ಸಂತೋಷವಾಗುತ್ತದೆ.

ಕೊಳ್ಳುವಾಗ ಕೈ ಕಸೂತಿಯೋ ಮೆಷಿನ್ ಕಸೂತಿಯೋ ಹೇಗೆ ಗೊತ್ತಾಗುತ್ತದೆ?

ಬಟ್ಟೆ ತಿರುಗಿಸಿ. ಕೈ ಗವಂತಿಯಲ್ಲಿ ಎರಡೂ ಬದಿ ಒಂದೇ ದಾರ, ಒಂದೇ ಗೆರೆ. ಮೆಷಿನ್ನಿನಲ್ಲಿ ಕೆಳಗೆ ಬೇರೆ ದಾರ ಓಡುತ್ತದೆ, ಅದು ಸಾಮಾನ್ಯವಾಗಿ ತೆಳುವಾದ ಬಿಳಿ ಅಥವಾ ಕಪ್ಪು ದಾರ. ಕಸೂತಿಯ ಚಿತ್ರವನ್ನು ಬರೀ ಅಚ್ಚು ಹಾಕಿದ ಬಟ್ಟೆಯೂ ಸಿಗುತ್ತದೆ, ಅದರ ಮೇಲೆ ಬೆರಳಾಡಿಸಿದರೆ ಏನೂ ತಾಗುವುದಿಲ್ಲ. ಮೆಷಿನ್ನಿನದು ಬೇಕಿದ್ದರೆ ಕೊಳ್ಳಿ, ಆದರೆ ಕೈ ಕಸೂತಿಯ ಬೆಲೆ ಕೊಟ್ಟು ಕೊಳ್ಳಬೇಡಿ. ಕೈ ಕಸೂತಿ ಹಾಕಿದವರ ಬಳಿ ಚೌಕಾಸಿ ಮಾಡುವ ಮುಂಚೆ, ಆ 28 ಹೊಲಿಗೆಯ ಗೋಪುರಕ್ಕೆ ನಿಮಗೆ ಎಷ್ಟು ಹೊತ್ತು ಹಿಡಿಯಿತು ಎಂದು ನೆನಪಿಸಿಕೊಳ್ಳಿ.

ಮಕ್ಕಳಿಗೆ ಕಲಿಸಬಹುದಾ?

ಖಂಡಿತ. ಎಂಟೊಂಬತ್ತು ವರ್ಷದ ಮಕ್ಕಳು ದೊಡ್ಡ ತೂತಿನ ಮ್ಯಾಟಿಯಲ್ಲಿ ಚೆನ್ನಾಗಿ ಹಾಕುತ್ತಾರೆ. ಹೋಗುವಾಗ ಒಂದು ಬಣ್ಣ, ಬರುವಾಗ ಇನ್ನೊಂದು ಬಣ್ಣ ಕೊಡಿ. ಎಲ್ಲಿ ತುಂಬಬೇಕು ಎಂದು ಬಣ್ಣವೇ ಹೇಳಿಕೊಡುತ್ತದೆ. ದೊಡ್ಡವರೂ ಮೊದಲ ದಿನ ಹೀಗೆ ಮಾಡಬಹುದು.

ಎಡಗೈಯವರು?

ಎಡದಿಂದಲೂ ಹೊರಡಬಹುದು, ಬಲದಿಂದಲೂ ಹೊರಡಬಹುದು. ಹೇಗೂ ಎರಡೂ ಕಡೆ ಹೋಗಿಯೇ ಬರಬೇಕಲ್ಲ.

ಒಗೆಯುವುದು, ಇಸ್ತ್ರಿ ಹೇಗೆ?

ಹೊಲಿಗೆ ಶುರು ಮಾಡುವ ಮೊದಲೇ ದಾರದ ಒಂದು ತುಂಡನ್ನು ಒದ್ದೆ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ದಾರ ಬೇಡ. ಕೆಂಪು ಮತ್ತು ಕಪ್ಪಿಗೆ ಈ ಪರೀಕ್ಷೆ ತಪ್ಪಿಸಲೇಬೇಡಿ. ಮುಗಿದ ಬಟ್ಟೆಯನ್ನು ತಣ್ಣೀರಿನಲ್ಲಿ, ಸೌಮ್ಯ ಸೋಪಿನಲ್ಲಿ ಅದ್ದಿ ತೆಗೆಯಿರಿ. ಹಿಂಡಬೇಡಿ, ಬ್ರಷ್ ಬೇಡ. ಒಂದು ಟವೆಲ್ಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು ನೆರಳಿನಲ್ಲಿ ಹರವಿ. ಇಸ್ತ್ರಿ ಮಾಡುವಾಗ ದಪ್ಪ ಟವೆಲ್ ಹಾಸಿ, ಮುಂಭಾಗ ಕೆಳಗೆ ಮಾಡಿ, ಹಿಂದಿನಿಂದ ಒತ್ತಿ. ಹೀಗೆ ಮಾಡಿದರೆ ಮೆಂತಿಯ ಕಾಳು ಚಪ್ಪಟೆಯಾಗುವುದಿಲ್ಲ. ಗವಂತಿ ಮಾತ್ರ ಹಾಕಿದ್ದರೆ, ಯಾವ ಬದಿ ಮುಂದೆ ಎಂದು ಹುಡುಕುವ ಕೆಲಸವೇ ಇಲ್ಲ.